ವಿಜಯಪುರದಲ್ಲಿ ಎರಡು ದಿನ: ಗುಮ್ಮಟಕ್ಕೊಂದು ಹೊತ್ತು, ರೊಟ್ಟಿಗೊಂದು ಹೊತ್ತು

ರೈಲಿನಿಂದ ಇಳಿಯುವ ಮೊದಲೇ ಗೋಳಗುಮ್ಮಟ ಕಾಣುತ್ತದೆ. ಬಹಳ ಮಂದಿಯ ಪ್ರವಾಸ ಕೆಡುವುದೂ ಅಲ್ಲಿಂದಲೇ. ಕಂಡಿತಲ್ಲ ಎಂದು ಲಾಡ್ಜಿನಲ್ಲಿ ಬ್ಯಾಗ್ ಒಗೆದು, ನಾಷ್ಟಾ ಮುಗಿಸಿ, ಹನ್ನೊಂದರ ಸುಮಾರಿಗೆ ಗುಮ್ಮಟದ ಮೆಟ್ಟಿಲು ಹತ್ತುತ್ತಾರೆ. ಶಾಲಾ ಪ್ರವಾಸದ ಬಸ್ಸುಗಳು ಬಂದು ನಿಲ್ಲುವುದೂ ಅದೇ ಹೊತ್ತಿಗೆ. ಒಂದು ಚಪ್ಪಾಳೆಯನ್ನು ಏಳೆಂಟು ಸಲ ತಿರುಗಿ ಕೇಳಿಸುವ ಜಾಗದಲ್ಲಿ ಇನ್ನೂರು ಮಕ್ಕಳು ಒಟ್ಟಿಗೆ ಸಿಳ್ಳೆ ಹಾಕಿದರೆ ಪಿಸುಮಾತು ಯಾರ ಕಿವಿಗೆ ಬೀಳಬೇಕು? ಕೆಳಗಿಳಿಯುವಷ್ಟರಲ್ಲಿ ಬಿಸಿಲು ನೆತ್ತಿಗೇರಿರುತ್ತದೆ. ಉಳಿದ ಜಾಗಗಳನ್ನು ಆಟೋದಲ್ಲಿ ಕೂತೇ ನೋಡಿ, ಮೂರೂವರೆಗೆ ಖಾನಾವಳಿಗೆ ಹೋದರೆ ಸಿಗುವುದು ಬೆಳಗಿನ ರೊಟ್ಟಿ.

ಈ ಊರನ್ನು ನಕಾಶೆ ಹಿಡಿದು ಸುತ್ತುವುದಕ್ಕಿಂತ ಗಡಿಯಾರ ನೋಡಿಕೊಂಡು ಸುತ್ತುವುದು ಮೇಲು. ಯಾವ ಕಟ್ಟಡಕ್ಕೆ ಯಾವ ಬೆಳಕು, ಯಾವ ತಿನಿಸಿಗೆ ಯಾವ ಹೊತ್ತು ಎಂದು ಮೊದಲೇ ಗೊತ್ತು ಮಾಡಿಕೊಂಡರೆ ಶನಿವಾರ, ರವಿವಾರ ಎರಡೇ ದಿನ ಸಾಕು.

1. ಮೊದಲು ತಿಂಗಳು ಆರಿಸಿ

ಅಕ್ಟೋಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಆಗ ಬರಲೇಬೇಕಾದರೆ ಮುಂಜಾನೆ 6ರಿಂದ 10, ಸಂಜೆ 4ರಿಂದ 6, ಇಷ್ಟರಲ್ಲೇ ತಿರುಗಾಟ ಮುಗಿಸಿ ನಡುಹಗಲು ಕೋಣೆಯಲ್ಲಿ ಇರಿ.

ತಿನ್ನುವ ಲೆಕ್ಕದಲ್ಲಿ ನೋಡಿದರೆ ಡಿಸೆಂಬರ್ ಕೊನೆಯಿಂದ ಜನವರಿಯವರೆಗಿನ ವಾರಗಳಿಗೆ ಸಾಟಿ ಇಲ್ಲ. ಎರಿ (ಕಪ್ಪುಮಣ್ಣಿನ) ಹೊಲದ ಹಿಂಗಾರಿ ಜೋಳ ಆಗ ಹಾಲುಗಾಳು ಕಟ್ಟಿರುತ್ತದೆ. ಎಳೆ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ ಕಾಳು ಉದುರಿಸಿದರೆ ಅದೇ ಸೀತನಿ. ಬೆಲ್ಲ, ಶೇಂಗಾ ಹಿಂಡಿ (ಒಣಚಟ್ನಿ), ಮೊಸರಿನ ಜೊತೆ ಬಿಸಿಯಿದ್ದಾಗಲೇ ತಿನ್ನಬೇಕು. ಆರಿದರೆ ಕಾಳು ಗಟ್ಟಿಯಾಗಿ ಸಿಹಿ ಅಡಗುತ್ತದೆ. ಹೋಟೆಲುಗಳಲ್ಲಿ ಇದನ್ನು ಹುಡುಕಬೇಡಿ. ಹೊಲ ಇರುವ ಪರಿಚಯದವರಿದ್ದರೆ ನಾಲ್ಕು ದಿನ ಮೊದಲೇ ಫೋನ್ ಮಾಡಿ.

ಒಂದು ಎಚ್ಚರಿಕೆ: ಸಂಕ್ರಾಂತಿ ಸುತ್ತಮುತ್ತ ಸಿದ್ಧೇಶ್ವರ ಜಾತ್ರೆ. ಊರು ಕಳೆಕಟ್ಟಿರುತ್ತದೆ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಸಿಗುತ್ತದೆ. ಲಾಡ್ಜಿನಲ್ಲಿ ಕೋಣೆ ಮಾತ್ರ ಸಿಗುವುದಿಲ್ಲ. ಜಾತ್ರೆಯೇ ಬೇಕೆನ್ನುವವರು ತಿಂಗಳು ಮೊದಲೇ ಕಾದಿರಿಸಿ. ಬೇಡವೆನ್ನುವವರು ಒಂದು ವಾರ ಆಚೀಚೆ ಮಾಡಿಕೊಳ್ಳಿ.

2. ಬರುವುದು, ಇಳಿದುಕೊಳ್ಳುವುದು

ಬೆಂಗಳೂರಿನಿಂದ ರಸ್ತೆಯಲ್ಲಿ 500 ಕಿಲೋಮೀಟರಿಗೂ ಹೆಚ್ಚು. ಎರಡು ದಿನದ ಪ್ರವಾಸಕ್ಕೆ ಕಾರು ತಂದರೆ ಅರ್ಧ ರಜೆ ಸ್ಟೇರಿಂಗ್ ಹಿಂದೆಯೇ ಕಳೆಯುತ್ತದೆ. ಗೋಲ್ ಗುಂಬಜ್ ಎಕ್ಸ್‌ಪ್ರೆಸ್ (16535) ಶುಕ್ರವಾರ ಸಂಜೆ ಹತ್ತಿಸಿಕೊಂಡು ಶನಿವಾರ ಬೆಳಿಗ್ಗೆ ಇಳಿಸುತ್ತದೆ, ವಾಪಸು 16536. ಸೊಲ್ಲಾಪುರದಿಂದ ಸುಮಾರು 100 ಕಿ.ಮೀ., ಹುಬ್ಬಳ್ಳಿಯಿಂದ 200ರ ಆಸುಪಾಸು. ಈ ಎರಡೂ ಕಡೆಯಿಂದ ಬಸ್ಸೇ ಸಲೀಸು.

ಕೋಣೆಯನ್ನು ಸ್ಟೇಷನ್ ರಸ್ತೆಯಲ್ಲಿ, ಗೋಳಗುಮ್ಮಟ ಮತ್ತು ಗಾಂಧಿ ಚೌಕದ ನಡುವೆ ಹಿಡಿಯಿರಿ. ರವಿವಾರ ನಸುಕಿನಲ್ಲಿ ಗುಮ್ಮಟಕ್ಕೆ ನಡೆದುಕೊಂಡೇ ಹೋಗಬಹುದು, ರಾತ್ರಿ ಮಿರ್ಚಿ ತಿಂದು ನಡೆದುಕೊಂಡೇ ಬರಬಹುದು. ಊರ ಹೊರಗಿನ ಬೈಪಾಸ್ ಹೋಟೆಲು ಎಷ್ಟೇ ಚೆನ್ನಾಗಿದ್ದರೂ ಈ ಕಾರ್ಯಕ್ರಮಕ್ಕೆ ಒಗ್ಗುವುದಿಲ್ಲ.

ಬ್ಯಾಗಿನಲ್ಲಿ ಇರಬೇಕಾದವು: ತಲೆಗೆ ಒಗೆವಸ್ತ್ರ ಇಲ್ಲವೇ ಟೊಪ್ಪಿಗೆ, ಒಬ್ಬರಿಗೆ ಒಂದು ಲೀಟರ್ ನೀರು, ಒಂದು ಜೊತೆ ದಪ್ಪ ಕಾಲುಚೀಲ. ಕಾಲುಚೀಲ ಏಕೆಂದರೆ ಚಪ್ಪಲಿ ಬಿಟ್ಟು ಒಳಗೆ ಹೋಗುವ ಕಡೆ ಮಧ್ಯಾಹ್ನದ ಹಾಸುಗಲ್ಲು ಹಂಚಿನಂತೆ ಕಾದಿರುತ್ತದೆ. ಕೈಗೆ ಒಂದು ಖಾಲಿ ಸ್ಟೀಲ್ ಡಬ್ಬಿಯೂ ಇರಲಿ. ಅದರ ಕೆಲಸ ಕೊನೆಗೆ.

3. ಶನಿವಾರ ಮುಂಜಾನೆ: ಊರಿನ ನಡುವಿನ ಭಾಗ

ಗುಮ್ಮಟದ ಕಡೆ ಕಣ್ಣೆತ್ತಿಯೂ ನೋಡದೆ ನಾಷ್ಟಾಕ್ಕೆ ಹೋಗಿ. ಬೆಳಗಿನ ಹೊತ್ತು ಇಲ್ಲಿ ಸುಸಲಾ ಕೇಳಿ. ಚುರಮರಿಯನ್ನು ನೀರಿನಲ್ಲಿ ಅದ್ದಿ ಹಿಂಡಿ, ಉಳ್ಳಾಗಡ್ಡಿ, ಹಸಿಮೆಣಸು, ಅರಿಶಿಣದ ಒಗ್ಗರಣೆಗೆ ಹಾಕಿ, ಮೇಲೆ ಪುಠಾಣಿ ಹಿಟ್ಟು ಉದುರಿಸಿರುತ್ತಾರೆ. ಕೂಡಲೇ ತಿನ್ನಿ. ತಟ್ಟೆಯಲ್ಲಿ ಹತ್ತು ನಿಮಿಷ ಬಿಟ್ಟರೆ ನೀರು ಬಿಟ್ಟುಕೊಂಡು ಮುದ್ದೆಯಾಗುತ್ತದೆ.

ಒಂಬತ್ತರ ಹೊತ್ತಿಗೆ ಜುಮ್ಮಾ ಮಸೀದಿ. 1565ರ ತಾಳಿಕೋಟೆ ಯುದ್ಧದ ನಂತರ, ಈ ಊರಿನಿಂದ ರಾಜ್ಯವಾಳಿದ ಆದಿಲ್‌ಶಾಹಿ ಸುಲ್ತಾನರಲ್ಲಿ ಒಬ್ಬನಾದ ಒಂದನೇ ಅಲಿ ಆದಿಲ್‌ಶಾಹ ಆರಂಭಿಸಿದ್ದು. ನೆಲದ ಮೇಲೆ ಗೆರೆ ಹಾಕಿ ಗುರುತು ಮಾಡಿದ 2250 ಜಾಗಗಳಿವೆ, ಒಬ್ಬರು ನಮಾಜು ಮಾಡಲು ಒಂದೊಂದು. ಆ ಗೆರೆ ಔರಂಗಜೇಬನ ಕಾಲದವು. ಮೆಹರಾಬಿನ (ಪ್ರಾರ್ಥನೆಯ ದಿಕ್ಕು ತೋರುವ ಗೋಡೆಗೂಡಿನ) ಬಂಗಾರದ ಕೆಲಸಕ್ಕೆ ಪರದೆ ಹಾಕಿರುವುದುಂಟು. ಅಲ್ಲಿರುವ ಹಿರಿಯರನ್ನು ಕೇಳಿಕೊಂಡರೆ ಸರಿಸಿ ತೋರಿಸುತ್ತಾರೆ. ಇದು ಇಂದಿಗೂ ಪ್ರಾರ್ಥನೆ ನಡೆಯುವ ಜಾಗ. ಮೈತುಂಬ ಬಟ್ಟೆ ಇರಲಿ, ಮಧ್ಯಾಹ್ನದ ನಮಾಜಿನ ಮೊದಲೇ ಹೊರಬನ್ನಿ.

ಅಲ್ಲಿಂದ ಪಶ್ಚಿಮಕ್ಕೆ ನಡೆಯುತ್ತ ಹೋದರೆ ಮೆಹತರ್ ಮಹಲ್, ಅಸರ್ ಮಹಲ್, ಅರಕಿಲ್ಲೆಯೊಳಗಿನ (ಒಳಕೋಟೆಯ) ಗಗನ ಮಹಲ್. ಮೆಹತರ್ ಮಹಲ್ ಎಂಬ ಹೆಸರು ಕೇಳಿ ಅರಮನೆ ಹುಡುಕಬೇಡಿ, ಅದು ಒಂದು ಮಸೀದಿಯ ಹೆಬ್ಬಾಗಿಲು. ರಸ್ತೆಯ ಆಚೆ ಬದಿ ನಿಂತು ಸಜ್ಜಾದ ಕೆಳಗಿನ ಆಧಾರಗಲ್ಲುಗಳನ್ನು ನೋಡಿ: ಬಡಿಗ ಮಾಡುವ ಕೆಲಸವನ್ನು ಕಲ್ಲುಕುಟಿಗ ಮಾಡಿದ್ದಾನೆ. ಅಸರ್ ಮಹಲಿನ ಎತ್ತರದ ಕಟ್ಟಿಗೆ ಕಂಬಗಳನ್ನು ಹೊರಗಿನಿಂದ ನೋಡಿದರೂ ನಡೆದೀತು. ಪ್ರವಾದಿ ಮಹಮ್ಮದರದೆಂದು ನಂಬುವ ಪವಿತ್ರ ಕೇಶ ಇರುವ ಒಳಭಾಗಕ್ಕೆ ಹೆಣ್ಣುಮಕ್ಕಳಿಗೆ ಪ್ರವೇಶವಿಲ್ಲ. ಗಗನ ಮಹಲಿನಲ್ಲಿ ಉಳಿದಿರುವುದು ಮೂರು ಕಮಾನು, ಚಾವಣಿ ಇಲ್ಲ. 1686ರಲ್ಲಿ ಸಿಕಂದರ್ ಆದಿಲ್‌ಶಾಹ ಔರಂಗಜೇಬನಿಗೆ ಶರಣಾಗಿ ಸುಮಾರು ಇನ್ನೂರು ವರ್ಷಗಳ ರಾಜ್ಯ ಮುಗಿದದ್ದು ಇಲ್ಲಿಯೇ.

ಕೊನೆಗೆ ಬಾರಾ ಕಮಾನ್. ಎರಡನೇ ಅಲಿ ಆದಿಲ್‌ಶಾಹನ ಗೋರಿ. ಗೋಡೆ ಏಳುವ ಮೊದಲೇ ನಿಂತುಹೋದ ಕೆಲಸ. ಇದು ಪೂರ್ತಿಯಾಗಿದ್ದರೆ ನೆರಳು ಗೋಳಗುಮ್ಮಟದ ಮೇಲೆ ಬೀಳುತ್ತಿತ್ತಂತೆ, ಅದಕ್ಕೇ ನಿಲ್ಲಿಸಿದರಂತೆ ಎಂದು ಊರಲ್ಲಿ ಹೇಳುತ್ತಾರೆ. ಎರಡರ ನಡುವಿನ ದೂರ ನಡೆದು ನೋಡಿದವರು ನಂಬಲಾರರು. ಈ ಕಮಾನುಗಳನ್ನು ನೋಡಿಟ್ಟುಕೊಳ್ಳಿ, ನಾಳೆ ಉಪಯೋಗಕ್ಕೆ ಬರುತ್ತವೆ: ಗುಮ್ಮಟ ಏಳುವ ಮೊದಲು ಬುಡದ ಅಸ್ಥಿಪಂಜರ ಹೇಗಿರುತ್ತದೆ ಎಂದು ತೋರಿಸುವ ಜಾಗ ಇದು.

4. ಮಧ್ಯಾಹ್ನದ ರೊಟ್ಟಿ: 12.30ರಿಂದ 2ರ ಒಳಗೆ

ಜೋಳದ ಹಿಟ್ಟಿಗೆ ಗೋದಿಯಂತೆ ಅಂಟು ಇಲ್ಲ. ಕುದಿಯುವ ಎಸರು ಹಾಕಿ ನಾದಿದಾಗ ಬರುವ ಜಿಗಿಯಷ್ಟೇ ಅದಕ್ಕೆ ಆಧಾರ. ಹಿಟ್ಟು ಹಳತಾದರೆ ಜಿಗಿ ಹೋಗಿ, ಬಡಿಯುವಾಗ ಅಂಚು ಬಿರಿಯುತ್ತದೆ. ಆದ್ದರಿಂದ ತಟ್ಟೆಗೆ ಬಂದ ರೊಟ್ಟಿಯ ಅಂಚನ್ನು ಮೊದಲು ನೋಡಿ. ಸುತ್ತ ಸೀಳಿಲ್ಲದೆ ದುಂಡಗಿದ್ದು, ಮೇಲ್ಪದರ ಬೇರೆಯಾಗಿ ಉಬ್ಬಿ ಇಳಿದಿದ್ದರೆ ಹೊಸ ಹಿಟ್ಟು, ಪಳಗಿದ ಕೈ. ಮೇಲೆ ಒದ್ದೆ ಬಟ್ಟೆ ಆಡಿಸಿದ ಗುರುತು ತೆಳುವಾಗಿ ಕಾಣಬೇಕು. ಬಿಳಿ ಹಿಟ್ಟು ಹಾಗೇ ಉಳಿದಿದ್ದರೆ ಅವಸರದಲ್ಲಿ ಬೇಯಿಸಿದ್ದು.

ಹಂಚಿನಿಂದ ಇಳಿದ ಹತ್ತು ನಿಮಿಷದಲ್ಲಿ ಬಿಸಿ ರೊಟ್ಟಿ ಬಿರುಸಾಗುತ್ತದೆ. ಖಾನಾವಳಿಯಲ್ಲಿ ಒಲೆ ಬಿಡುವಿಲ್ಲದೆ ಉರಿಯುವುದು ಹನ್ನೆರಡೂವರೆಯಿಂದ ಎರಡರವರೆಗೆ. ಆಮೇಲೆ ಹೋದವರಿಗೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇ ಗತಿ. ಜಾಗ ಆರಿಸಲು ಸುಲಭದ ಗುರುತು: ರೊಟ್ಟಿ ಬಡಿಯುವ ಸಪ್ಪಳ ಕೈತೊಳೆಯುವ ಕಡೆಗೆ ಕೇಳಿಸುತ್ತಿದ್ದರೆ ಕೂತುಕೊಳ್ಳಿ. ಫೋಟೋ ಹಾಕಿದ ದೊಡ್ಡ ಮೆನು ಇರುವ ಕಡೆ ರೊಟ್ಟಿಯೂ ಫೋಟೋದ ಹಾಗೆಯೇ ಇರುತ್ತದೆ.

ಕೂತ ಕೂಡಲೇ ಹೇಳಬೇಕಾದ ಮಾತು: “ಅಕ್ಕಾರ, ಬಿಸಿ ರೊಟ್ಟಿ ಒಂದೊಂದ ಹಾಕ್ರಿ, ಒಮ್ಮೆಲೆ ಬ್ಯಾಡ್ರಿ.” ಹೇಳದಿದ್ದರೆ ಎರಡು ರೊಟ್ಟಿ ಒಟ್ಟಿಗೆ ಬರುತ್ತವೆ, ಎರಡನೆಯದು ಕಾಯುತ್ತ ಗಟ್ಟಿಯಾಗುತ್ತದೆ. “ಖಡಕ್ ಕೊಡ್ಲೇನ್ರಿ?” ಎಂದು ಕೇಳಿದರೆ ಒಂದು ತುಂಡು ಮೊಸರಿನ ಜೊತೆ ರುಚಿಗೆ ಹಾಕಿಸಿಕೊಳ್ಳಿ, ಊಟಕ್ಕೆ ಮಾತ್ರ ಬಿಸಿಯದೇ ಇರಲಿ.

ಬದನೆಕಾಯಿ ಎಣಗಾಯಿಯೇ ತಟ್ಟೆಯ ಯಜಮಾನ. ಕಾಯಿ ಇಡಿಯಾಗಿದ್ದು ಬೆರಳಲ್ಲಿ ಒತ್ತಿದರೆ ಬಿಡಬೇಕು. ಶೇಂಗಾ, ಎಳ್ಳು, ಗುರೆಳ್ಳಿನ ಮಸಾಲೆಯಿಂದ ಎಣ್ಣೆ ಅಂಚಿಗೆ ಬಿಟ್ಟಿರಬೇಕು. ಅದರ ಪಕ್ಕ ಮಡಕಿ ಕಾಳಿನ ಪಲ್ಯ, ಝುಣಕ, ಸಿಕ್ಕರೆ ಪುಂಡಿಪಲ್ಯ. ಪುಂಡಿಯ ಹುಳಿಗೆ ಕುಸುಬಿ ಇಲ್ಲವೇ ಶೇಂಗಾ ಎಣ್ಣೆ ಒಂದು ಚಮಚ ಹಾಕಿಸಿಕೊಳ್ಳಿ. ಒಣಚಟ್ನಿಗೆ ಇಲ್ಲಿ ಹಿಂಡಿ ಎನ್ನುತ್ತಾರೆ: ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳ ಹಿಂಡಿ. ಹಿಂಡಿಯನ್ನು ಒಣದಾಗಿ ತಿಂದು ಕೆಮ್ಮುವುದು ಹೊಸಬರ ಲಕ್ಷಣ, ಗಟ್ಟಿ ಮೊಸರಿನಲ್ಲಿ ಕಲಸಿ ತಿನ್ನಬೇಕು. ಕೆಂಪು ಖಾರದ ರಂಜಕ ಉಗುರಿನಷ್ಟು ಸಾಕು. ತಟ್ಟೆಯ ಅಂಚಿಗೆ ಇಟ್ಟ ಮೆಂತ್ಯದ ತಪ್ಪಲ, ಹಕ್ಕರಕಿ, ಹಸಿ ಉಳ್ಳಾಗಡ್ಡಿ ಅಲಂಕಾರಕ್ಕೆ ಇಟ್ಟಿದ್ದಲ್ಲ. ಖಾರದ ಮಧ್ಯೆ ಕಡಿಯುತ್ತಾ ಹೋದರೆ ಮೂರನೇ ರೊಟ್ಟಿಗೂ ಜಾಗ ಆಗುತ್ತದೆ.

ಎದ್ದು ಹೋಗುವಾಗ ಎರಡು ಕೆಲಸ. ನಾಳೆ ತೆರೆದಿರುತ್ತದೆಯೇ ಎಂದು ಕೇಳಿ. ಮನೆಗೆ ಒಯ್ಯಲು ಖಡಕ್ ರೊಟ್ಟಿ, ಶೇಂಗಾ ಹೋಳಿಗೆ ಬೇಕಾದರೆ ಈಗಲೇ ಎಣಿಸಿ ಹೇಳಿ. ರವಿವಾರ ಸಂಜೆ ಅವಸರದಲ್ಲಿ ಕೇಳಿದರೆ ಮುಗಿದಿರುತ್ತದೆ.

5. ಶನಿವಾರ 3.30ರ ನಂತರ: ಪಶ್ಚಿಮ ದಿಕ್ಕು

ಆಟೋದವರ ಹತ್ತಿರ “ಎಲ್ಲ ತೋರಿಸ್ರಿ” ಎನ್ನಬೇಡಿ. ಎಲ್ಲ ಎಂದರೆ ಒಂದೊಂದು ಕಡೆ ಹತ್ತು ನಿಮಿಷ. ಹೀಗೆ ಮಾತಾಡಿ: “ಅಣ್ಣಾರ, ಇಬ್ರಾಹಿಂ ರೋಜಾ ಒಂದ ತಾಸು, ತಾಜ್ ಬಾವಡಿ, ಮುಲ್ಕ್ ಮೈದಾನ ತೋಪು, ಉಪಲಿ ಬುರುಜು, ಕಡೀಕ ಗಾಂಧಿ ಚೌಕಕ್ಕ ಬಿಡ್ರಿ. ನಿಂದ್ರೂದು ಸೇರಿಸಿ ಎಷ್ಟ ಆಕ್ಕತಿ?” ಕಾಯುವ ಹೊತ್ತು ಸೇರಿದೆಯೋ ಇಲ್ಲವೋ ಎಂಬುದೇ ಆಮೇಲಿನ ತಕರಾರಿಗೆ ಮೂಲ.

ಇಬ್ರಾಹಿಂ ರೋಜಾ ಮೊದಲು, ಏಕೆಂದರೆ ಅದು ಸಂಜೆ 6ಕ್ಕೆ ಮುಚ್ಚುತ್ತದೆ. ಎರಡನೇ ಇಬ್ರಾಹಿಂ ಆದಿಲ್‌ಶಾಹನ ಗೋರಿ ಇದು. ಪೂರ್ತಿಯಾದದ್ದು 1627ರ ಸುಮಾರಿಗೆ, ಕಟ್ಟಿಸಿದವನು ಮಲಿಕ್ ಸಂದಲ್. ಒಂದೇ ಜಗುಲಿಯ ಮೇಲೆ ಪೂರ್ವಕ್ಕೆ ಗೋರಿ, ಪಶ್ಚಿಮಕ್ಕೆ ಮಸೀದಿ, ಎದುರುಬದುರು. ನಾಲ್ಕು ಗಂಟೆಯ ಬಿಸಿಲು ಗೋರಿಯ ಪಶ್ಚಿಮ ಗೋಡೆಯ ಮೇಲೆ ಓರೆಯಾಗಿ ಬೀಳುವುದರಿಂದ ಕೆತ್ತನೆಯ ಅಕ್ಷರಗಳ ಅಂಚಿಗೆ ನೆರಳು ಕಟ್ಟುತ್ತದೆ. ಬೆಳಿಗ್ಗೆ ಬಂದವರಿಗೆ ಅದೇ ಗೋಡೆ ಚಪ್ಪಟೆ. ಕಿಟಕಿಗಳನ್ನು ಒಳಗಿನಿಂದ ನೋಡಿ. ಜಾಲರಿ ಎಂದುಕೊಂಡದ್ದು ಅರಬ್ಬಿ ಅಕ್ಷರಗಳೇ. ಅಕ್ಷರದ ನಡುವಿನ ಖಾಲಿ ಜಾಗವನ್ನು ಕೊರೆದು ತೆಗೆದು ಗಾಳಿ ಬೆಳಕಿಗೆ ದಾರಿ ಮಾಡಿದ್ದಾರೆ. ಒಳಗೆ ತಲೆ ಎತ್ತಿದರೆ ಚಪ್ಪಟೆ ಕಲ್ಲಿನ ಚಾವಣಿ, ನಡುವೆ ಕಂಬವೇ ಇಲ್ಲ. ಸರಸ್ವತಿಯನ್ನು ಸ್ತುತಿಸಿ ದಖನಿಯಲ್ಲಿ ಹಾಡು ಬರೆದ, ಜಗದ್ಗುರು ಎಂದು ಕರೆಸಿಕೊಂಡ ಅರಸು ಮಲಗಿರುವುದು ಇದರಡಿ. ಒಂದು ತಾಸಿಗಿಂತ ಕಡಿಮೆ ಇಟ್ಟುಕೊಳ್ಳಬೇಡಿ. ಎರಡು ದಿನದಲ್ಲಿ ಒಂದೇ ಕಟ್ಟಡ ನೋಡಬೇಕೆಂದರೆ ಗುಮ್ಮಟ ಬಿಟ್ಟು ಇದನ್ನೇ ನೋಡಿ ಎಂದರೂ ತಪ್ಪಲ್ಲ.

ತಾಜ್ ಬಾವಡಿ ಎಂಬ ಹಳೆಯ ದೊಡ್ಡ ಬಾವಿಗೆ ಹದಿನೈದು ನಿಮಿಷ. ಮುಲ್ಕ್ ಮೈದಾನ ತೋಪು 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. ಬಾಯಿಯ ಬಳಿ ಬಗ್ಗಿ ನೋಡಿ: ತೆರೆದ ಸಿಂಹದ ಬಾಯಿ, ಹಲ್ಲುಗಳ ನಡುವೆ ಸಿಕ್ಕಿಕೊಂಡ ಆನೆ. ಬೆರಳಿನ ಗೆಣ್ಣಿನಿಂದ ಮೆಲ್ಲಗೆ ತಟ್ಟಿದರೆ ಗಂಟೆಯ ನಾದ ಬರುತ್ತದೆ. ಕಂಪನಿ ಸರಕಾರ 1854ರಲ್ಲಿ ಇದನ್ನು ಹರಾಜಿಗಿಟ್ಟಾಗ ಬಂದ ಕೂಗು 150 ರೂಪಾಯಿ. ಪುಣ್ಯಕ್ಕೆ ಹರಾಜು ರದ್ದಾಯಿತು.

ಸೂರ್ಯ ಮುಳುಗುವ ಅರ್ಧ ತಾಸು ಮೊದಲು ಉಪಲಿ ಬುರುಜು. ಸುಮಾರು 80 ಅಡಿ ಎತ್ತರ, ಮೆಟ್ಟಿಲು ಹೊರಗಿನಿಂದ ಸುತ್ತಿಕೊಂಡು ಏರುತ್ತವೆ. ಮಕ್ಕಳನ್ನು ಗೋಡೆಯ ಬದಿ ನಡೆಸಿ. ಮೇಲಿಂದ ಪೂರ್ವಕ್ಕೆ ಗೋಳಗುಮ್ಮಟ, ಪಶ್ಚಿಮಕ್ಕೆ ರೋಜಾದ ಮಿನಾರು. ಕತ್ತಲಾಗುವ ಮೊದಲೇ ಇಳಿಯಿರಿ.

ರಾತ್ರಿಗೆ ಗಾಂಧಿ ಚೌಕದ ಸುತ್ತ ಮಿರ್ಚಿ ಭಜಿ, ಚಹಾ. ಬಾಂಡಲೆಯಿಂದ ಈಗ ಎತ್ತಿದ ಮಿರ್ಚಿಯನ್ನೇ ಕೇಳಿ. ತಟ್ಟೆಯಲ್ಲಿ ಗುಡ್ಡೆ ಹಾಕಿದ್ದನ್ನು ಮತ್ತೆ ಎಣ್ಣೆಗೆ ಬಿಟ್ಟು ಕೊಟ್ಟರೆ ಹಿಟ್ಟು ಎಣ್ಣೆ ಹೀರಿರುತ್ತದೆ. ಮಾಂಸಾಹಾರಿಗಳಿಗೆ ದಖನಿ ಬಿರಿಯಾನಿ ರಾತ್ರಿಗಿಂತ ಮಧ್ಯಾಹ್ನವೇ ಒಳ್ಳೆಯದು, ಹೊಸ ಹಂಡೆ ತೆರೆಯುವುದು ಆಗ. ರವಿವಾರದ ಊಟಕ್ಕೆ ಇಟ್ಟುಕೊಳ್ಳಿ.

6. ರವಿವಾರ 6 ಗಂಟೆ: ಗುಮ್ಮಟ

ಬಾಗಿಲು ತೆರೆಯುವುದು 6ಕ್ಕೆ. 5.45ಕ್ಕೆ ಗೇಟಿನಲ್ಲಿರಿ. ಟಿಕೆಟ್ ಬೇಕಾದ ದೊಡ್ಡ ಸ್ಮಾರಕಗಳು ಇಲ್ಲಿ ಎರಡೇ, ಇದು ಮತ್ತು ಇಬ್ರಾಹಿಂ ರೋಜಾ. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ.

ಕೆಳಗಿನ ಹಜಾರ ಆಮೇಲೆ. ಮೊದಲು ನೇರ ಮೇಲೆ. ಮೂಲೆಯ ಎಂಟುಮೂಲೆ ಗೋಪುರದೊಳಗೆ ಏಳು ಅಂತಸ್ತು, ಇಕ್ಕಟ್ಟಾದ ಎತ್ತರದ ಮೆಟ್ಟಿಲು. ಪ್ರತಿ ಅಂತಸ್ತಿನ ಕಮಾನಿನಲ್ಲಿ ನಿಂತು ಉಸಿರು ತೆಗೆದುಕೊಳ್ಳಬಹುದು. ಮಂಡಿನೋವು ಇದ್ದವರಿಗೆ ಏರುವುದಕ್ಕಿಂತ ಇಳಿಯುವುದು ಕಷ್ಟ, ಅವರು ಕೆಳಗಿನ ಹಜಾರದಲ್ಲೇ ಇರಲಿ.

ಪಿಸುಗುಟ್ಟುವ ಗ್ಯಾಲರಿಯಲ್ಲಿ ಮಾಡಬೇಕಾದ್ದು ಇಷ್ಟು. ಇಬ್ಬರು ಎದುರುಬದುರು ನಿಲ್ಲಿ; ಕಟಾಂಜನದಿಂದ ಬಗ್ಗಿ ನೋಡಿದರೆ ಕೆಳಗಿನ ಗೋರಿಗಳ ಕಟ್ಟೆ ಇಬ್ಬರಿಗೂ ಸರಿಮಧ್ಯೆ ಬರಬೇಕು. ನಡುವಿನ ದೂರ ಸುಮಾರು 38 ಮೀಟರ್. ಮಾತಾಡುವವರು ಗೋಡೆಗೆ ಮುಖ ಮಾಡಿ, ಗೇಣು ದೂರದಿಂದ, ಉಸಿರಿನ ದನಿಯಲ್ಲಿ ಮಾತಾಡಲಿ. ಕೇಳುವವರು ಗೋಡೆಗೆ ಕಿವಿ ಹತ್ತಿರ ತಂದು ನಿಲ್ಲಲಿ. ಬಹುತೇಕರು ಕಟಾಂಜನದ ಕಡೆ ತಿರುಗಿ ಕೂಗುತ್ತಾರೆ, ಅಲ್ಲೇ ಎಡವಟ್ಟು: ಕೂಗು ಇಡೀ ಗುಮ್ಮಟ ತುಂಬಿ ಕಲಸಿಹೋಗುತ್ತದೆ, ಪಿಸುಮಾತು ಬಾಗಿದ ಗೋಡೆಯನ್ನೇ ಹಿಡಿದುಕೊಂಡು ಹರಿಯುತ್ತದೆ. ಒಂದು ತುಂಡು ಕಾಗದ ಹರಿದು ನೋಡಿ. ಆಮೇಲೆ ಒಂದೇ ಒಂದು ಚಪ್ಪಾಳೆ ತಟ್ಟಿ, ಎಣಿಸಿ.

ಇಳಿದು ಬಂದು ನೆಲದ ಮಧ್ಯೆ ನಿಂತು ಮೇಲೆ ನೋಡಿ. ಹೊರಗಿನಿಂದ 44 ಮೀಟರ್ ಅಡ್ಡಳತೆಯ ಗುಮ್ಮಟಕ್ಕೆ ಒಳಗೆ ಒಂದು ಕಂಬವೂ ಇಲ್ಲ. ಗೋಡೆಯಿಂದ ಎದ್ದ ಎಂಟು ಕಮಾನು ಒಂದನ್ನೊಂದು ಅಡ್ಡಹಾಯ್ದು, ಎರಡು ಚೌಕ ಓರೆಯಾಗಿ ಇಟ್ಟಂತೆ ಹೆಣೆದುಕೊಂಡಿವೆ. ಗುಮ್ಮಟ ಹೊರಕ್ಕೆ ತಳ್ಳುವ ಭಾರವನ್ನು ಒಳಕ್ಕೆ ಚಾಚಿದ ಈ ಕಮಾನುಗಳ ತೂಕ ತಡೆಯುತ್ತದೆ. ನಿನ್ನೆ ಬಾರಾ ಕಮಾನಿನಲ್ಲಿ ಬಯಲಿಗೆ ಬಿದ್ದಿದ್ದ ಬುಡ ಇಲ್ಲಿ ತಲೆಯೆತ್ತಿದೆ. ಕಣ್ಣಿಗೆ ಕಾಣುವ ಗೋರಿಗಳು ಗುರುತಿಗೆ ಮಾತ್ರ. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್‌ಶಾಹನ ನಿಜವಾದ ಗೋರಿ ಇದರ ಕೆಳಗಿನ ನೆಲಮಾಳಿಗೆಯಲ್ಲಿದೆ.

ಮುಂದಿನ ನಗಾರಿಖಾನೆಯ ಮ್ಯೂಸಿಯಂ ತೆರೆಯುವುದು 10ಕ್ಕೆ, ಶುಕ್ರವಾರ ರಜೆ. ಎಂಟಕ್ಕೆ ಹೊರಬಿದ್ದು ನಾಷ್ಟಾ ಮಾಡಿ ಮರಳುವುದಾದರೆ ಇನ್ನೊಂದು ಟಿಕೆಟಿನ ಖರ್ಚಿದೆ. ಆದಿಲ್‌ಶಾಹಿ ಕಾಲದ ರತ್ನಗಂಬಳಿ, ಚೀನಾ ಪಿಂಗಾಣಿ, ಕೈಬರಹದ ಪುಸ್ತಕ, ಶಾಸನಗಳಲ್ಲಿ ಆಸಕ್ತಿ ಇದ್ದರೆ ಆ ಖರ್ಚು ದಂಡವಲ್ಲ. ಮಕ್ಕಳ ಜೊತೆ ಬಂದವರು ಬಿಟ್ಟರೂ ನಡೆಯುತ್ತದೆ.

7. ಸಂತೆ, ಕಟ್ಟುವ ಕೆಲಸ

ಹನ್ನೊಂದಕ್ಕೆ ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರುಕಟ್ಟೆ. ಒಣದ್ರಾಕ್ಷಿ ಕೊಳ್ಳುವಾಗ ಕಣ್ಣಿಗಿಂತ ಮೂಗನ್ನು ನಂಬಿ. ತೀರಾ ಹೊಳೆಯುವ ಹಳದಿ ಬಣ್ಣ ಬರುವುದು ಗಂಧಕದ ಹೊಗೆಯಿಂದ. ಮುಷ್ಟಿಯಲ್ಲಿ ಹಿಡಿದು ಮೂಸಿದಾಗ ಮೂಗಿಗೆ ಚುಚ್ಚಿದರೆ ಬೇಡ. ಹಿಂಡಿ ಬಿಟ್ಟರೆ ಮತ್ತೆ ಬಿಡಿಬಿಡಿಯಾಗಬೇಕು, ಅಂಟಿಕೊಂಡೇ ಇದ್ದರೆ ಒಣಗಿಲ್ಲ. ಇಂಡಿ ತಾಲ್ಲೂಕಿನ ನಿಂಬೆ ತೆಳು ಸಿಪ್ಪೆಯದು, ಕೈಯಲ್ಲಿ ತೂಗಿದಾಗ ಗಾತ್ರಕ್ಕಿಂತ ಭಾರ ಎನಿಸಬೇಕು.

ಊಟದ ನಂತರ ಮೂರ್ನಾಲ್ಕು ತಾಸು ಉಳಿದರೆ ಬಸವಣ್ಣನವರ ಬಸವನ ಬಾಗೇವಾಡಿ ಸುಮಾರು 43 ಕಿ.ಮೀ., ಹೋಗಿಬರಬಹುದು. ರೈಲು ಸಂಜೆಯೇ ಇದ್ದರೆ ಆ ಸಾಹಸ ಬೇಡ, ತೊರವಿಯ ನರಸಿಂಹ ದೇವಸ್ಥಾನ ಹತ್ತಿರ.

ಈಗ ಆ ಸ್ಟೀಲ್ ಡಬ್ಬಿ. ಶೇಂಗಾ ಹೋಳಿಗೆ ಪೂರ್ತಿ ಆರಿದ ಮೇಲೆಯೇ ಒಳಗಿಡಿ. ಬೆಚ್ಚಗಿದ್ದಾಗ ಮುಚ್ಚಿದರೆ ಬೆವರಿ ಮೂರನೇ ದಿನಕ್ಕೆ ಬೂಸು ಹಿಡಿಯುತ್ತದೆ. ಆರಿಸಿಟ್ಟದ್ದು ವಾರ ದಾಟಿಯೂ ಕೆಡುವುದಿಲ್ಲ. ಖಡಕ್ ರೊಟ್ಟಿಯನ್ನು ಅಡ್ಡ ಇಡಬೇಡಿ, ಬ್ಯಾಗಿನ ಭಾರಕ್ಕೆ ಪುಡಿಯಾಗುತ್ತದೆ. ಹಳೆ ಪಂಜೆಯಲ್ಲಿ ಬಿಗಿಯಾಗಿ ಸುತ್ತಿ, ಪುಸ್ತಕದ ಹಾಗೆ ನಿಲ್ಲಿಸಿ, ಬರ್ತಿನ ತಲೆದಿಕ್ಕಿಗೆ ಇಟ್ಟುಕೊಳ್ಳಿ. ಕಾಲ ಕಡೆ ಇಟ್ಟವರು ಬೆಳಗಾಗುವಷ್ಟರಲ್ಲಿ ಮನೆಗೆ ರೊಟ್ಟಿಯ ಚೂರು ಒಯ್ಯುತ್ತಾರೆ. ಅದನ್ನೂ ಬಿಸಾಡಬೇಡಿ, ಮೊಸರು, ಉಳ್ಳಾಗಡ್ಡಿ, ಶೇಂಗಾ ಹಿಂಡಿ ಹಾಕಿ ಕಲಸಿದರೆ ಸೋಮವಾರದ ನಾಷ್ಟಾ.